ಒಳಗಿದ್ದವರಿಗೆ ಹುಡುಗಿ, ಹೊರಗಿದ್ದವರಿಗೆ ಬೀಗ

ಮದುವೆ ಸಂಬಂಧ ಕೂಡಿಸುವ ಕಡೆ ಕೆಲಸಕ್ಕೆ ಕೂತವಳು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಬಂದಾಗ ನಗಲು ಧೈರ್ಯ ಬೇಕಲ್ಲ, ಅದು ನನಗಿರಲಿಲ್ಲ.

ಓದಿದ್ದು ಹತ್ತನೇ ಕ್ಲಾಸು. ಹುಟ್ಟಿದ್ದು ಅಮರಾಪುರದ ಕಡೆ, ಕೊಟ್ಟಿದ್ದು ರಾಯದುರ್ಗಕ್ಕೆ. ಮಗು ಹುಟ್ಟಿದ ಮೇಲೂ ಮನೆಯಲ್ಲೇ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೆ. ಆ ನೀಲಿ ಧೂಳಿಗೆ ಮಗು ಕೆಮ್ಮಲು ಶುರುಮಾಡಿದಾಗ ಈ ವಧೂವರರ ಕೇಂದ್ರದಲ್ಲಿ ಕೆಲಸ ಸಿಕ್ಕಿತು, ಮಗುವನ್ನೂ ಜೊತೆಗೇ ಕರೆದೊಯ್ಯಬಹುದಿತ್ತು. ಮಾಲೀಕರು ಮೊದಲ ದಿನವೇ ಹೇಳಿಬಿಟ್ಟರು: "ನೋಡವ್ವ, ಈ ತಿಂಗಳು ಪರೀಕ್ಷೆ. ಒಂದು ಕಂಪ್ಲೇಂಟ್ ಬಂದ್ರೂ ವಾಪಸ್ ಮಿಷಿನ್ ತುಳಿಯಾಕ ಹೋಗಬೇಕು."

ಬಂದವರಿಗೆ ಕೇಂದ್ರದ ವೆಬ್‌ಸೈಟು ತೋರಿಸುವುದು ನನ್ನ ಕೆಲಸ. ಅದರ ವಿಳಾಸ ಎಲ್ಲರಿಗೂ ಒಂದೇ. ಆದರೆ ಲಾಗಿನ್ ಆದವರನ್ನು ನೇರ ಒಳಗೆ ಬಿಟ್ಟು ಹುಡುಗ ಹುಡುಗಿಯರ ಫೋಟೊ ತೋರಿಸುತ್ತದೆ. ಆಗದವರಿಗೆ ಬೀಗದ ಚಿತ್ರ, ಅದರ ಕೆಳಗೆ ಫೋನ್ ನಂಬರು, ಪಾಸ್‌ವರ್ಡು ಕೊಡಿ ಅನ್ನುವ ಪುಟ. ಥೇಟ್ ನಮ್ಮ ಅತ್ತೆ: ಗುರುತಿದ್ದವರಿಗೆ ಕಾಫಿ, ಇಲ್ಲದವರಿಗೆ "ಯಾರು ಬೇಕಾಗಿತ್ತು?"

ಸೋದರಮಾವ

ಒಬ್ಬ ತಾಯಿ ಮಗನಿಗೆ ಹುಡುಗಿ ನೋಡಿ, ಮೆಚ್ಚಿ, ಆ ಪುಟದ ವಿಳಾಸವನ್ನು ವಾಟ್ಸಾಪಿನಲ್ಲಿ ತಮ್ಮನಿಗೆ ಕಳಿಸಿದಳು. ಅವನು ಒತ್ತಿದ. ಬೀಗ ಬಂತು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದ.

"ಅಕ್ಕಗ ಹುಡುಗಿ, ನನಗ ಬೀಗ! ಯಾಕ್ರಿ, ನಾನು ಸೋದರಮಾವ ಅಲ್ಲೇನ್ರಿ? ನಾನು ಒಪ್ಪದ ಮದುವಿ ಹೆಂಗ ಆಗ್ತೈತಿ ನೋಡೇ ಬಿಡ್ತೀನಿ!"

ಪುಣ್ಯಕ್ಕೆ ಮಾಲೀಕರು ಇನ್ನೂ ಬಂದಿರಲಿಲ್ಲ, ಓಡಿ ಕುರ್ಚಿ ಎಳೆದುಕೊಟ್ಟೆ. ಮೊದಲ ಕಂಪ್ಲೇಂಟು! "ಮಾವಾರೆ, ಅದಕ್ಕೆ ನೀವು ಯಾರು ಅಂತ ಗೊತ್ತಿಲ್ಲ, ಅಷ್ಟೆ. ಹೆಸರು, ಫೋನ್ ನಂಬರ್ ಹೇಳಿ, ನಿಮಗೂ ಲಾಗಿನ್ ಮಾಡಿಕೊಡ್ತೀನಿ" ಎಂದು ಬೇಡಿಕೊಂಡೆ.

ಹೆಸರು, ಊರು, ಜಾತಕ ಇಲ್ಲದಿದ್ದರೂ ನಕ್ಷತ್ರ ಎಲ್ಲ ಹೇಳಿದ. ಹುಡುಗಿ ಕಂಡಳು. ಒಪ್ಪಿದ. ಏಳುವಾಗ ಮಾತ್ರ ಗೊಣಗಿದ: "ಬೀಗರ ಮನಿಯಾಗ ಚಹಾ ಕೊಟ್ಟು ಹೆಸರು ಕೇಳ್ತಾರ. ಇಲ್ಲಿ ಹೆಸರು ಕೇಳಿದ ಮ್ಯಾಲೂ ಚಹಾ ಇಲ್ಲ."

ಹೋಗಿ ಬರ್ತೀನಿ

ಮಗುವಿಗೆ ಅನ್ನ ಕಲಸುತ್ತಿದ್ದಾಗ ಫೋನು. ಮಗಳಿಗೆ ಗಂಡು ಹುಡುಕುತ್ತಿದ್ದ ಒಬ್ಬ ಅಕ್ಕ, ಅಳುವ ದನಿಯಲ್ಲಿ, "ತಂಗೀ, ಹೊರಗ ಬರಾಕ ಆಗವಲ್ದು!"

ಬಾವಿಗೆ ಬಿದ್ದಳೇನೋ ಎಂದು ಕೈತುತ್ತು ಬಿಟ್ಟು ಎದ್ದೆ. ವಿಷಯ ಇಷ್ಟು: ಲಾಗಿನ್ ಆಗಿದ್ದಾಳೆ, ಹಿಂದಕ್ಕೆ ಹೋಗುವ ಗುರುತು ಒತ್ತುತ್ತಾಳೆ. ಅದು ಲಾಗಿನ್ ಪುಟಕ್ಕೆ ಹೋಗುತ್ತದೆ. "ನೀನು ಆಗಲೇ ಒಳಗಿದ್ದೀಯಲ್ಲ" ಎಂದು ಆ ಪುಟ ಮತ್ತೆ ಒಳಕ್ಕೇ ತಳ್ಳುತ್ತದೆ. ಬೆಳಗಿನಿಂದ ಇದೇ ಆಟ. ಮನೆಯಲ್ಲಿ ಹಿರಿಯರಿದ್ದಾರೆ, ಫೋನಿನ ತುಂಬ ಗಂಡುಗಳ ಮುಖ. ಫೋನಿನ ಮೇಲೆ ಸೆರಗು ಹೊದಿಸಿ ಕೂತಿದ್ದಾಳೆ.

"ಮೇಲೆ ಬಲಗಡೆ ಲಾಗೌಟ್ ಅಂತ ಐತೆ, ಅದನ್ನ ಒತ್ತಕ್ಕ" ಎಂದೆ.

ಸಿಕ್ಕಿತು ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹೋಗಿ ಬರ್ತೀನಿ ಅಂತ ಹೇಳಾಕ ಎಲ್ಲಿ ಒತ್ತಬೇಕು? ಹೇಳದಂಗ ಎದ್ದು ಬಂದ್ರ ಗಂಡಿನ ಕಡೆಯೋರು ಏನಂದ್ಕೊಂಡಾರು?"

ನನ್ನ ಗಂಡ

ಒಂದು ಭಾನುವಾರ ನಾನು ಬಟ್ಟೆ ಒಗೆಯುವಾಗ ಗಂಡ ನನ್ನ ಫೋನಿನಲ್ಲಿ ಆ ಸೈಟು ತೆರೆದ. ಕೆಲಸಕ್ಕೆಂದು ಕೊಟ್ಟ ನನ್ನ ಲಾಗಿನ್ ಹಾಗೇ ಇತ್ತಲ್ಲ, ನನ್ನ ಹೆಸರು ಹಿಡಿದು ಸ್ವಾಗತ ಹೇಳಿ ಸಾಲಾಗಿ ಗಂಡುಗಳನ್ನು ತೋರಿಸಿತು. ಫೋನು ಹಿಡಿದು ಹಿತ್ತಲಿಗೆ ಬಂದ.

"ಏನೇ ಇದು, ಇಷ್ಟು ಜನ ಕಾಯ್ತಾ ಇದಾರೆ?"

"ಒಬ್ಬೊಬ್ಬರು ಏನು ಕೆಲಸ ಮಾಡ್ತಾರೆ ಅಂತ ಅಲ್ಲೇ ಕೆಳಗೆ ಬರೆದೈತೆ, ಓದು. ಸಿಟ್ಟು ಆಮೇಲೆ ಮಾಡ್ಕೊಳ್ಳುವಂತೆ."

ಓದಿದ. ಒಬ್ಬ ಇಂಜಿನಿಯರು, ಒಬ್ಬ ಬ್ಯಾಂಕಿನವನು, ಒಬ್ಬ ಮೇಷ್ಟ್ರು. ಬಕೆಟ್ಟು ತುಂಬಿಸಿಕೊಟ್ಟು ಹೋದ.

ಬಾಯಿ ಜೋರು

ಓಬಳಾಪುರದ ಕಡೆಯ ಒಬ್ಬ ತಂದೆ ನಮ್ಮ ಆಫೀಸಿನ ಕಂಪ್ಯೂಟರಿನಲ್ಲೇ ಲಾಗಿನ್ ಆಗಿ ಮಗಳಿಗೆ ಗಂಡು ನೋಡುತ್ತಿದ್ದ. ಪ್ರತಿ ಫೋಟೊ ಕೆಳಗೆ ನಮ್ಮ ಅಭಿಪ್ರಾಯ ಬರೆದುಕೊಳ್ಳಬಹುದು. ಬರೆದವರಿಗಷ್ಟೇ ಅದು ಕಾಣುತ್ತದೆ. ಒಬ್ಬ ಹುಡುಗನ ಬಗ್ಗೆ ಅವನ ಊರಲ್ಲೇ ವಿಚಾರಿಸಿಕೊಂಡು ಬಂದಿದ್ದ. ಅವನು ಹೇಳಿದ, ನಾನು ಬರೆದೆ: "ಹುಡುಗ ಬಂಗಾರ. ತಾಯಿ ಬಾಯಿ ಭಾಳ ಜೋರು. ಬ್ಯಾಡ."

ಅಷ್ಟರಲ್ಲಿ ಬಸ್ಸಿನ ಹಾರನ್ನು. ಅವನು ಮೂಲೆಯ ಗುಣಿಸು ಗುರುತು ಒತ್ತಿ ಓಡಿದ. ಪುಟ ಮುಚ್ಚಿತು, ಅವನೂ ಹೊರಗೆ ಹೋದ ಎಂದುಕೊಂಡೆ. ಆದರೆ ಅದು ಕದ ಮುಂದೆಳೆದು ಚಿಲಕ ಹಾಕದೆ ಹೋದ ಹಾಗೆ.

ಮಧ್ಯಾಹ್ನ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಳು. ಮಾಲೀಕರೇ ಕಂಪ್ಯೂಟರಿನ ಮುಂದೆ ಕೂತರು. "ನಮ್ಮ ಸೈಟು ಭಾಳ ಭದ್ರ ಐತ್ರಿ. ಪಾಸ್‌ವರ್ಡ್ ಇಲ್ಲದ ಸೊಳ್ಳಿನೂ ಒಳಗ ಹೋಗಂಗಿಲ್ಲ" ಎನ್ನುತ್ತ ತೆರೆದರು. ಅದು ಏನೂ ಕೇಳಲಿಲ್ಲ. ಓಬಳಾಪುರದ ತಂದೆಯೇ ಬಂದನೆಂದು ತಿಳಿದು ಸೀದಾ ಒಳಗೆ ಬಿಟ್ಟಿತು. ಅವನು ಕೊನೆಗೆ ನೋಡಿದ ಫೋಟೊನೇ ಮೊದಲು ಬಂತು, ಎದುರಿಗೆ ಕೂತ ಈ ಹುಡುಗನದೇ!

"ನೋಡ್ರಿ, ನಮ್ಮ ಹುಡುಗನ್ನೇ ಮೊದ್ಲು ಇಟ್ಟಾರ!" ತಾಯಿ ಹಿಗ್ಗಿ, ಕೆಳಗಿನದನ್ನು ಗಟ್ಟಿಯಾಗಿ ಓದಿದಳು. "ಹುಡುಗ ಬಂಗಾರ." ನಕ್ಕಳು. ನಾನು ಕಂಕುಳಲ್ಲಿದ್ದ ಮಗುವನ್ನು ಚಿವುಟಿ ಅಳಿಸಿಬಿಡಲೇ ಎಂದು ಯೋಚಿಸುವಷ್ಟರಲ್ಲಿ ಉಳಿದದ್ದನ್ನೂ ಓದಿದಳು.

"ಯಾವನ್ರಿ ಅವನು? ನನ್ನ ಬಾಯಿ ಜೋರಾ? ನನ್ನ ಬಾಯಿ?" ಎದುರಿನ ಚಹಾ ಅಂಗಡಿಯವರೆಲ್ಲ ಎದ್ದು ನಿಂತರು. "ಇದನ್ನ ತೆರೆದಿಟ್ಟೋರು ಯಾರು? ಇವತ್ತೇ ಮನಿಗೆ ಕಳಿಸ್ರಿ ಅವರನ್ನ!"

ಮಾಲೀಕರು ನನ್ನ ಕಡೆ ತಿರುಗಿದರು. ನನ್ನ ಕಿವಿಯಲ್ಲಿ ಆಗಲೇ ಹೊಲಿಗೆ ಮಿಷಿನ್ನಿನ ಸದ್ದು.

ಅಲ್ಲಿಯವರೆಗೆ ಮಾತಾಡಲು ಜಾಗವೇ ಸಿಗದ ಹುಡುಗ ಗಂಟಲು ಸರಿ ಮಾಡಿಕೊಂಡ. "ಅವ್ವಾ, ಇಷ್ಟು ದಿನ ಎಲ್ಲರೂ ಏನೇನೋ ನೆವ ಹೇಳಿ ಬಿಟ್ಟು ಹೋದ್ರು. ಇವರೊಬ್ಬರೇ ನಿಜ ಬರದಾರ. ಇವರ ಮಗಳನ್ನೇ ನೋಡೋಣ."

ತಾಯಿ ಮಗನನ್ನೊಮ್ಮೆ, ಆ ಬರಹವನ್ನೊಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿ ಬಂತು: "ಹುಡುಗಿ ಫೋಟೊ ತೋರಿಸ್ರಿ."

ಅಂಥ ತಾಯಿಯ ಎದುರಿಗೇ ಆ ಮಾತು ಆಡಿದ ಹುಡುಗ ಎಂದು ಕೇಳಿ ಹುಡುಗಿಯ ತಂದೆಯೂ ಒಪ್ಪಿದ. ಸಂಬಂಧ ಕೂಡಿತು. ಆದರೂ ಕಂಪ್ಲೇಂಟು ಕಂಪ್ಲೇಂಟೇ ಅಲ್ಲವೇ? ಮರುದಿನ ಮಾಲೀಕರು ಒಳಗೆ ಕರೆದಾಗ ನಾನು ಮಗುವಿನ ಹಾಲಿನ ಬಾಟಲಿ ಚೀಲಕ್ಕೆ ಹಾಕಿಕೊಂಡೇ ಹೋದೆ.

ಅವರು ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದರು: "ಬಾಯಿ ಜೋರಿನ ತಾಯಂದಿರು ಇನ್ನೂ ಇಬ್ಬರು ಬಾಕಿ ಅದಾರವ್ವ. ಅವರು ಬಂದಾಗೂ ಲಾಗೌಟ್ ಮಾಡೋದು ಸ್ವಲ್ಪ ಮರೆತುಬಿಡು."