ತಣ್ಣನೆಯ ಕುರ್ಚಿ

ಎಲ್ಲಕ್ಕೂ ಮೂಲ ಓಲ್ಸನ್ನನ ಒಂದು ಸೀನು.

ವಿಯೆಟ್ನಾಮಿನ ಲಾಂಗ್ ಬಿನ್ ಶಿಬಿರದಲ್ಲಿ ಏಪ್ರಿಲ್ ತಿಂಗಳೆಂದರೆ ಬೆಳಿಗ್ಗೆ ಎಂಟಕ್ಕೇ ಅಂಗಿ ಹಿಂಡಿದರೆ ಒಂದು ಲೋಟ ನೀರು. ಅಂಥಲ್ಲಿ ಅಮೆರಿಕದ ಸಿಪಾಯಿಯೊಬ್ಬ ಚಳಿಗೆ ಸೀನುವುದೆಂದರೇನು? ತಗಡಿನ ಚಾವಣಿಯ ಉಗ್ರಾಣದಲ್ಲಿ ಲಾರಿಯ ಬಿಡಿಭಾಗ ಜೋಡಿಸುತ್ತ, ಹೆಂಚಿನ ಮೇಲಿನ ರೊಟ್ಟಿಯಂತೆ ಎರಡೂ ಮಗ್ಗುಲು ಬೇಯುತ್ತಿದ್ದ ಸಿಪಾಯಿ ಟ್ಯಾಕೆಟ್‌ನ ಹೊಟ್ಟೆಗೆ ಕೊಳ್ಳಿ ಇಟ್ಟಂತಾಯಿತು.

ಓಲ್ಸನ್ ಕೂರುತ್ತಿದ್ದದ್ದು ಕಂಪ್ಯೂಟರ್ ಇದ್ದ ಕಬ್ಬಿಣದ ವ್ಯಾನಿನಲ್ಲಿ. ಪೇಟೆಯ ಕಚೇರಿಗಳಿಗೆಂದು ತಯಾರಾದ ಆ ಯಂತ್ರಕ್ಕೆ ಧೂಳು ಆಗದು, ಸೆಕೆ ಆಗದು. ಅದಕ್ಕಾಗಿ ಹಾಕಿಸಿದ ಏಸಿಯ ತಂಪು ಓಲ್ಸನ್ನನಿಗೂ ಸಿಗುತ್ತಿತ್ತು, ಬಸುರಿಗೆ ಮಾಡಿದ ತಿಂಡಿ ಮನೆಮಂದಿಗೂ ಸಿಕ್ಕಂತೆ.

"ಜ್ವರ ಬರೋ ಹಾಗಿದೆ ಕಣೋ," ಎಂದ ಓಲ್ಸನ್, ಕಂಬಳಿ ಹೊದ್ದು ಬಾಗಿಲಲ್ಲಿ ನಿಂತು. "ನಿನ್ನ ಪುಣ್ಯ, ಬಿಸಿಲಲ್ಲಿರ್ತೀಯ."

ಅಷ್ಟು ಸಾಕಾಯಿತು. ಯಾರು ಎಲ್ಲಿ ಚಾಕರಿ ಮಾಡಬೇಕೆಂಬುದನ್ನೂ ಆ ಶಿಬಿರದಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳೇ ಕಂಪ್ಯೂಟರಿಗೆ ತಿಳಿಸುತ್ತಿದ್ದವು. ಟ್ಯಾಕೆಟ್ ಗೆಳೆಯನೊಬ್ಬನಿಗೆ ಎರಡು ಬಿಯರ್ ಕುಡಿಸಿ, ತನ್ನ ಹೆಸರಿಗೆ ಕಂಪ್ಯೂಟರ್ ಚಾಕರಿಯ ಕಾರ್ಡು ತೂತು ಹೊಡೆಸಿಕೊಂಡ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಓಲ್ಸನ್ ಊಟಕ್ಕೆ ಹೋಗುವುದನ್ನೇ ಕಾದ. ಅಡುಗೆಯವನೊಬ್ಬ ಎದುರಾಗಿ, ಹೋಗುತ್ತಿರುವುದು ತಂಪಿಗೋ ತಪ್ಪಿಗೋ ಎಂದು ಹಲ್ಲು ಕಿರಿದ.

ಟ್ಯಾಕೆಟ್ ವ್ಯಾನಿನೊಳಗೆ ಹೋಗಿ ಕಾರ್ಡನ್ನು ಯಂತ್ರಕ್ಕೆ ತುರುಕಿದ. ಬೆವರು ಕುಡಿದ ಕಾರ್ಡು ನೆನೆಸಿದ ಅವಲಕ್ಕಿಯಂತೆ ಉಬ್ಬಿತ್ತು. ಯಂತ್ರ ಅದನ್ನು ಅರ್ಧ ನುಂಗಿ, ಕೆಮ್ಮಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಹೊರಗೆ ಬೂಟಿನ ಸದ್ದು. ಹೆಸರಿದ್ದ ಉಳಿದರ್ಧವನ್ನು ಟ್ಯಾಕೆಟ್ ತಾನೇ ನುಂಗಿದ.

ಹೊಗೆ ಕಂಡು ಓಡಿಬಂದೆ, ಓಲ್ಸನ್ ಹೀಗೆ ಬಿಟ್ಟು ಹೋಗಬಾರದಿತ್ತು ಎಂದು ಕ್ಯಾಪ್ಟನ್ ಡನ್‌ಲ್ಯಾಪರಿಗೆ ವರದಿ ಒಪ್ಪಿಸಿದ. ಆ ಜಾಗದಲ್ಲಿ ನಾನಿದ್ದಿದ್ದರೆ ಎಂದೂ ಸೇರಿಸಿದ.

"ಸರಿ, ಇವತ್ತಿಂದ ಈ ವ್ಯಾನು ನಿಂದೇ," ಎಂದರು ಕ್ಯಾಪ್ಟನ್.

ಟ್ಯಾಕೆಟ್ ಕುರ್ಚಿಗೆ ಒರಗಿ, ತಂಪಿಗೆ ಮುಖವೊಡ್ಡಿ ಕಣ್ಣು ಮುಚ್ಚಿದ. ತಾಯಿಯ ಕೈ ಹಣೆ ಮುಟ್ಟಿದಂತಿತ್ತು.

ಸ್ಪ್ಯಾನರಿನ ಸದ್ದಿಗೆ ಎಚ್ಚರವಾಯಿತು. ಇಬ್ಬರು ಸಿಪಾಯಿಗಳು ಏಸಿಯನ್ನು ಬಿಚ್ಚುತ್ತಿದ್ದರು. ರಿಪೇರಿಯವನು ಬರಲು ಆರು ವಾರವಂತೆ. ಕೆಟ್ಟು ನಿಂತ ಯಂತ್ರಕ್ಕೆ ಸೆಕೆಯಿಲ್ಲವಂತೆ. ಅಲ್ಲಿಯವರೆಗೆ ಏಸಿ ಕ್ಯಾಪ್ಟನ್ನರ ಕೋಣೆಗೆ. ಸೇನೆಯಲ್ಲಿ ಸಾಮಾನಿಗೆ ಸಹಿ ಹಾಕಿದವನೇ ಅದರ ಹೊಣೆ. ಏಸಿಗೆ ಸಹಿ ಹಾಕಿದವನು ಓಲ್ಸನ್; ಹಾಗಾಗಿ ಅವನೂ ಅದರ ಹಿಂದೆಯೇ ಹೊರಟ.

ಟ್ಯಾಕೆಟ್‌ಗೆ ಉಳಿದದ್ದು ಹನ್ನೆರಡು ಸಾವಿರ ಕಾರ್ಡುಗಳನ್ನು ಕೈಯಲ್ಲೇ ವಿಂಗಡಿಸುವ ಕೆಲಸ, ಕಿಟಕಿಯಿಲ್ಲದ ಕಬ್ಬಿಣದ ಪೆಟ್ಟಿಗೆಯಲ್ಲಿ.

"ಸರ್, ಬಾಗ್ಲಾದ್ರೂ ತೆಗೆದಿಟ್ಕೊಳ್ಲಾ?"

"ಬೇಡಪ್ಪ," ಎಂದರು ಕ್ಯಾಪ್ಟನ್, ಹೊರಗಿನಿಂದ ಬಾಗಿಲು ದಬ್ಬುತ್ತ. "ಧೂಳು ಒಳಗೆ ಹೋದ್ರೆ ಯಂತ್ರ ಕೆಟ್ಟು ಹೋಗುತ್ತೆ."