ಮಹಾಪೆಯ ಏರು, ಲೀಲಾಧರನ ಬರಿಗಾಲು

ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಅಮ್ಮನವರ ಫೋಟೋ ಇದೆ. ಅದರೆದುರು ಲೀಲಾಧರ ಒಂದು ದಿನವೂ ಚಪ್ಪಲಿ ಹಾಕಿಕೊಂಡು ಗಾಡಿ ಓಡಿಸಿದವನಲ್ಲ. ಸೀಟಿನಲ್ಲಿ ಕೂತು, ಚಪ್ಪಲಿ ಕಳಚಿ, ಕಾಲಿನಿಂದಲೇ ಮುಂದಕ್ಕೆ ಸರಿಸಿ, ಫೋಟೋಕ್ಕೆ ಕೈಮುಗಿದ ಮೇಲೆಯೇ ಕೀ ತಿರುಗಿಸುತ್ತಿದ್ದ. ಹನ್ನೊಂದು ವರ್ಷದ ಕ್ರಮ. ಅಂಥ ಭಕ್ತನನ್ನು ಅಮ್ಮನವರು ನಾಲ್ಕು ದಿನದಿಂದ ಸರಿಯಾಗಿ ಮಹಾಪೆಯ ಏರಿನ ನಡುವೆ ಕೈಬಿಡುತ್ತಿದ್ದರು.

ಸಮತಟ್ಟಿನಲ್ಲಿ ಗಾಡಿಗೆ ಯಾವ ರೋಗವೂ ಇಲ್ಲ. ಅಂಬರನಾಥದ ಮಧ್ವೇಶ ರಾಯರ ಅಡುಗೆಮನೆಯಿಂದ ಇಡ್ಲಿ, ವಡೆ, ಸಾಂಬಾರು ಹೇರಿಕೊಂಡು ಶೀಳ್‌ಫಾಟಾದವರೆಗೆ ಸಲೀಸಾಗಿ ಬರುತ್ತಿತ್ತು. ಏರು ಶುರುವಾದದ್ದೇ ಏದುಸಿರು. ಮೂರು ದಿನ ಇಡ್ಲಿ ತಣ್ಣಗಾಗಿ ತಲುಪಿದ ಮೇಲೆ ಮಹಾಪೆಯ ಕಂಪನಿಯ ಕ್ಯಾಂಟೀನಿನವರು, ಎಂಟು ಗಂಟೆಗೆ ಬಾರದಿದ್ದರೆ ಬೇರೆ ಹೋಟೆಲು ನೋಡಿಕೊಳ್ಳುತ್ತೇವೆ ಎಂದರು. ರಾಯರು ಅದನ್ನೇ ಬೇರೆ ಡ್ರೈವರ್ ನೋಡಿಕೊಳ್ಳುತ್ತೇನೆ ಎಂದು ತಿದ್ದಿ ಲೀಲಾಧರನಿಗೆ ದಾಟಿಸಿದರು. ಅಡುಗೆಮನೆಯ ಕಿಟ್ಟು ಆಗಲೇ ತನ್ನ ಲೈಸೆನ್ಸನ್ನು ಅಂಗಿಯ ಜೇಬಿಗೆ ಸೇರಿಸಿಕೊಂಡಿದ್ದ.

ಇವತ್ತು ರಾಯರೇ ಪಕ್ಕದಲ್ಲಿ ಕೂತು ಬಂದಿದ್ದರು. ಗಾಡಿ ಏರಿನ ನಡುವೆ ಎಂದಿನಂತೆ ನಿಧಾನವಾಯಿತು. ವಾಕಿಂಗ್ ಹೊರಟಿದ್ದ ಒಬ್ಬ ಅಜ್ಜ ಗಾಡಿಯನ್ನು ಹಿಂದೆ ಹಾಕಿ ಮುಂದೆ ಹೋದ. ಹೋಗುವಾಗ ಕಿಟಕಿಯಲ್ಲಿ ಇಣುಕಿ ಮರುಕದಿಂದ ನೋಡಿದ.

"ಎಂತ ಮಾರಾಯ ಇದು! ಎಕ್ಸಲರೇಟರ್ ಒತ್ತು!"

"ಪೂರ್ತಿ ಒತ್ತಿದ್ದೇನೆ ರಾಯರೇ. ಇನ್ನು ಒತ್ತಿದ್ರೆ ಕಾಲು ರಸ್ತೆಗೆ ತಾಗ್ತದೆ."

ಏರಿನ ಬುಡದಲ್ಲಿ ಗ್ಯಾರೇಜ್ ಇಟ್ಟಿದ್ದ ಮಾಪಣ್ಣ ಬೈಕಿನಲ್ಲಿ ಹಿಂದೆಯೇ ಬಂದ. ಕಲಬುರ್ಗಿ ಕಡೆಯವನು. ಮೂರು ದಿನಗಳಲ್ಲಿ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೋದ ಪೈಪು ಎಲ್ಲ ಬದಲಿಸಿದ್ದ.

"ಇಳೀರಿ, ನಾ ಒಮ್ಮೆ ನೋಡ್ತೀನಿ."

ಲೀಲಾಧರ ಚಪ್ಪಲಿ ಮೆಟ್ಟಿಕೊಂಡು ಇಳಿದ. ದಪ್ಪ ಅಟ್ಟೆಯ ಹೊಸ ಚಪ್ಪಲಿ. ಹಳೆಯದು ಸವೆದು ಹಪ್ಪಳವಾಗಿದೆಯೆಂದು ಕಂಪನಿಯ ಗೇಟಿನ ವಾಚ್‌ಮನ್ ಮನೀಷ್ ತಕರಾರು ಎತ್ತಿದ ಮೇಲೆ ಹೆಂಡತಿ ಅಮಿತಾ ಹೋದ ವಾರ ತಂದುಕೊಟ್ಟದ್ದು.

"ಮಾಪಣ್ಣ, ಅಮ್ಮನವರಿದ್ದಾರೆ. ಬೂಟು ತೆಗೀರಿ."

"ಮೊದಲ ಗುಡ್ಡ ಹತ್ತಲಿ, ಆಮ್ಯಾಲ ಕೈಮುಗೀತೀನಿ ತಗೋರಿ," ಎಂದು ಮಾಪಣ್ಣ ಗ್ರೀಸು ಮೆತ್ತಿದ ಬೂಟಿನಲ್ಲೇ ಹತ್ತಿ ಕೂತ. ಗಾಡಿ ಗುಡುಗುತ್ತ ಏರು ಹತ್ತಿತು, ಮೇಲೆ ತಿರುಗಿಕೊಂಡು ಬುಡಕ್ಕೆ ಬಂತು, ಮತ್ತೆ ಹತ್ತಿತು. ಲೀಲಾಧರ ಬಾಯಿ ತೆರೆದವನು ಮುಚ್ಚಲಿಲ್ಲ. ಬೂಟಿನವನಿಗೆ ಒಲಿದ ಅಮ್ಮ ಬರಿಗಾಲಿನವನಿಗೆ ಮುನಿದಿದ್ದರು!

ಗಾಡಿ ಬುಡಕ್ಕೆ ಮರಳಿದ ಮೇಲೆ ಲೀಲಾಧರನೇ ಇನ್ನೊಮ್ಮೆ ಕೂತು ಹೊರಟ. ಗಾಡಿ ಮತ್ತೆ ಏದುಸಿರು ಬಿಟ್ಟಿತು. ವಾಕಿಂಗ್ ಮುಗಿಸಿ ಇಳಿಯುತ್ತಿದ್ದ ಅಜ್ಜ ಈ ಸಲ ಕೈಬೀಸಿದ.

"ಗಾಡ್ಯಾಗ ಏನೂ ಇಲ್ರಿ ರಾಯರ," ಮಾಪಣ್ಣ ಕೈ ಒರೆಸಿಕೊಂಡ. "ರೋಗ ಡ್ರೈವರ್‌ನ್ಯಾಗ ಐತಿ."

ರಾಯರು ದಂಗಾಗಿ ಲೀಲಾಧರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಂಗೆ ಶನಿದೆಸೆ ಉಂಟಾ? ನೋಡು, ಇದು ಕೊನೇ ಸಲ. ನಾನೂ ಇಳೀತೇನೆ, ನನ್ನ ಭಾರವೂ ಬೇಡ. ಬುಡದಿಂದ ಹತ್ತಿಸು. ಆಗದಿದ್ರೆ ಕೀ ಮಾಪಣ್ಣನಿಗೆ ಕೊಟ್ಟು ನೀನು ಮನೆಗೆ ಹೋಗು."

ರಾಯರು ಮಾಪಣ್ಣನ ಬೈಕು ಹತ್ತಿದರು. ಲೀಲಾಧರ ಎಂದಿನಂತೆ ಚಪ್ಪಲಿ ಸರಿಸಿ, ಕೈಮುಗಿದು ಹೊರಟ. ಅದೇ ಜಾಗದಲ್ಲಿ ಗಾಡಿ ಸೋಲತೊಡಗಿತು. ಹನ್ನೊಂದು ವರ್ಷದ ಕೆಲಸ ಕಣ್ಣೆದುರೇ ಕೈಜಾರುತ್ತಿತ್ತು. ಅಳು ಬಂದು, ಸಿಟ್ಟೂ ಬಂದು, ಎಕ್ಸಲರೇಟರನ್ನು ಜೋರಾಗಿ ತುಳಿದ. ಪೆಡಲು ನೆಲಕ್ಕೆ ತಾಗಿದಂತಾಗದೆ ಮೆತ್ತಗೆ ಪುಟಿಯಿತು. ಬಗ್ಗಿ ನೋಡಿದ.

ಪೆಡಲಿನ ಕೆಳಗೆ, ಅವನೇ ಭಕ್ತಿಯಿಂದ ಸರಿಸಿಟ್ಟ ಹೊಸ ಚಪ್ಪಲಿಗಳು ಒಂದರ ಮೇಲೊಂದು ಕೂತಿದ್ದವು.

ಹಳೇ ಚಪ್ಪಲಿ ಅಲ್ಲೇ ಇದ್ದರೂ ಅಡ್ಡಿಯಾಗುತ್ತಿರಲಿಲ್ಲ. ಈ ದಪ್ಪದವು ಪೆಡಲನ್ನು ಅರ್ಧಕ್ಕೇ ತಡೆದಿದ್ದವು. ಬೇರೆಯವರು ಕೂತಾಗಲೆಲ್ಲ ತಾನು ಇವನ್ನು ಮೆಟ್ಟಿಕೊಂಡು ಕೆಳಗೆ ನಿಂತಿರುತ್ತಿದ್ದ! ಸುಮ್ಮನೆ ಬದಲಿಸಿದ ಫಿಲ್ಟರುಗಳೆಲ್ಲ ನೆನಪಾದವು. ರಾಯರಿಗೆ ಗೊತ್ತಾದರೆ ಮುಗಿಯಿತು. ಎರಡನ್ನೂ ಹೆಕ್ಕಿ ಕಿಟಕಿಯಿಂದಾಚೆ ಬೀಸಿ ಒಗೆದು, ಬರಿಗಾಲಲ್ಲಿ ಪೆಡಲು ಒತ್ತಿದ. ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ಓಡಿತು.

ಏಳೂ ಐವತ್ತಕ್ಕೆ ಕಂಪನಿಯ ಗೇಟು. ಮನೀಷ್ ರಿಜಿಸ್ಟರ್ ಹಿಡಿದು ಬಂದವನು ಲೀಲಾಧರನ ಕಾಲು ನೋಡಿ ತಲೆಯಾಡಿಸಿ, ಬರಿಗಾಲಿನವರಿಗೆ ಪ್ರವೇಶವಿಲ್ಲವೆಂಬ ಬೋರ್ಡು ತೋರಿಸಿದ.

"ಚಪ್ಪಲ್ ಕುಠೆ? ನಂಗೇ ಪಾಯ್ ಅಂದರ್ ಅಲೌಡ್ ನಹೀಂ ಹೈ ಅಣ್ಣಾ. ಬೋರ್ಡ್ ದೇಖೋ."

"ಅರೆ ಭಾಯ್, ಇಡ್ಲಿ ಗರಂ ಹೈ!"

"ಇಡ್ಲಿ ಕೋ ಮನಾ ನಹೀಂ ಹೈ. ಆಪ್ ಕೋ ಹೈ." ತಡೆ ಇಡ್ಲಿಗಲ್ಲ, ಅವನಿಗೆ.

ಅಷ್ಟರಲ್ಲಿ ಬೈಕು ಬಂತು. ರಾಯರು ಇಳಿದವರೇ ಅವನ ಎರಡೂ ಕೈ ಹಿಡಿದುಕೊಂಡರು. "ಹೇಗೆ ಮಾರಾಯ? ಇದು ಹೇಗಾಯ್ತು?"

ಲೀಲಾಧರನಿಗೆ ಧೈರ್ಯ ಬಂತು. "ಅಮ್ಮನವರ ದಯೆ ರಾಯರೇ. ಆದ್ರೂ ಹೇಳ್ತೇನೆ, ಈ ಗಾಡಿಯ ಮನಸ್ಸು ತಿಳಿದದ್ದು ನನ್ನ ಕಾಲಿಗೆ ಮಾತ್ರ. ಕಿಟ್ಟುವಿನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು."

ರಾಯರು ಬೆರಗಿನಿಂದ ಗಾಡಿಗೇ ಕೈಮುಗಿದರು. ಮನೀಷ್ ಗಡಿಯಾರ ನೋಡಿದ. ಏಳೂ ಐವತ್ತೈದು.

"ಚಪ್ಪಲಿ ತಾನೆ ಬೇಕು?" ಮಾಪಣ್ಣ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ್ದನ್ನು ತೆಗೆದ. "ಏರಿನ್ಯಾಗ ಬರುವಾಗ ಮ್ಯಾಲಿಂದ ಬಿದ್ದುವು ನೋಡ್ರಿ. ಒಂದು ರಾಯರ ಎದೀಗೇ ಬಡೀತು. ಹೊಸಾವು ಅದಾವ, ಹಾಕ್ಕೋರಿ."

"ಯಾರದ್ದಾದ್ರೇನು, ಹಾಕ್ಕೊ!" ರಾಯರು ಅವಸರಪಡಿಸಿದರು.

ಹಾಕಿಕೊಳ್ಳದಿದ್ದರೆ ಕೆಲಸ ಹೋಯಿತು. ಲೀಲಾಧರ ಮೆಲ್ಲಗೆ ಕಾಲು ತೂರಿಸಿದ. ಅಳೆದು ಹೊಲಿಸಿದಂತೆ ಕೂತವು.

ಲೀಲಾಧರನ ಕಾಲಲ್ಲಿ ದಿನಾ ನೋಡುವ ಚಪ್ಪಲಿಯ ಗುರುತು ಹತ್ತಿ ಮನೀಷನ ಮುಖ ಅರಳಿತು. "ಅರೆ, ಯೇ ತೋ ಇನ್ಹೀ ಕೀ ಹೈ! ಮೈಂ ತೋ ರೋಜ್ ದೇಖ್ತಾ ಹೂಂ."

ಮಾಪಣ್ಣ ಬಗ್ಗಿ, ಲೀಲಾಧರನ ಬಲಗಾಲನ್ನು ಕುದುರೆಯ ಕಾಲೆತ್ತುವಂತೆ ಎತ್ತಿ, ಚಪ್ಪಲಿ ಕಳಚಿ ನೋಡಿದ. ಮೆತ್ತಗಿನ ಅಟ್ಟೆಯ ಮೇಲೆ ಪೆಡಲಿನ ಗೀರುಗಳು ಅಚ್ಚೊತ್ತಿದ್ದವು. ಅದನ್ನು ರಾಯರ ಕೈಗಿತ್ತ.

ರಾಯರು ಚಪ್ಪಲಿಯನ್ನೊಮ್ಮೆ, ಪೆಡಲನ್ನೊಮ್ಮೆ, ಅಮ್ಮನವರ ಫೋಟೋವನ್ನೊಮ್ಮೆ ನೋಡಿದರು.

"ಇಡ್ಲಿ ಇಳಿಸಿ ಬಾ," ಎಂದರು ಕೊನೆಗೆ, ಬಹಳ ಸಮಾಧಾನದಲ್ಲಿ. "ನಾಳೆಯಿಂದ ಕಿಟ್ಟು ಓಡಿಸ್ತಾನೆ. ನೀನು ಹಿಂದೆ ಸಾಂಬಾರು ಹಿಡ್ಕೊಂಡು ಕೂತ್ಕೊ. ಅಲ್ಲಿ ಫೋಟೋ ಇಲ್ಲ, ಚಪ್ಪಲಿ ಹಾಕ್ಕೊಂಡೇ ಕೂತ್ಕೊ."