ಪೇಟೆಯಲ್ಲಿ ಸಿಗದ ಸಾಮಾನು

ಆ ದಿನ ಆಯಾ ಶಿವವ್ವ ಕೆಲಸಕ್ಕೆ ಬರಲಿಲ್ಲ. ಗಿರಣಿಯ ಇಂಜಿನಿಯರ್ ಹಾರ್ಟ್ಲಿ ಸಾಹೇಬರ ಹೆಂಡತಿ ಎಲ್ಸಿಗೆ ಒದಗಿದ ಪೇಚಿಗೆಲ್ಲ ಇಷ್ಟೇ ಕಾರಣ.

ಎಲ್ಸಿ ವಿಲಾಯತಿ ಬಿಟ್ಟು ಗೋಕಾಕ ಫಾಲ್ಸಿಗೆ ಬಂದು ನಾಲ್ಕು ವರ್ಷವಾಗಿತ್ತು. ಸಾಹೇಬರು ಭೋಂಗಾ ಊದುವ ಮೊದಲೇ ಗಿರಣಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಅಲ್ಲಿಯವರೆಗೆ ಬಂಗಲೆಯಲ್ಲಿ ಅವಳು, ಮೂರು ವರ್ಷದ ನೆಲ್ಲಿ, ಎಂಟು ತಿಂಗಳ ಕೂಸು, ಮತ್ತು ಧೋ ಎಂದು ಬೀಳುವ ನೀರಿನ ಸದ್ದು. ಮಾತಾಡಲು ಜನರಿಲ್ಲದೆ ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತನ್ನೂರಿನ ಬೀದಿಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದಳು. ಕೂಸು ಪ್ರತಿ ಬೀದಿಗೂ ಜೊಲ್ಲು ಸುರಿಸಿ ಒಪ್ಪಿಗೆ ಕೊಡುತ್ತಿತ್ತು. ನೆಲ್ಲಿಯ ಕತೆ ಬೇರೆ. ಶಿವವ್ವನ ಸೊಂಟದ ಮೇಲೆ ಬೆಳೆದ ಅವಳದು ಅಚ್ಚ ಊರ ಮಾತು. ತಾಯಿಗೆ ಬರುತ್ತಿದ್ದುದು ಮೂರೇ ಶಬ್ದ: ಬೇಕು, ಬ್ಯಾಡ, ಎಷ್ಟು.

ಆ ದಿನ ಎದ್ದವಳೇ ನೆಲ್ಲಿ ಮನೆಯೆಲ್ಲ ಹುಡುಕಿದಳು. ಆಮೇಲೆ ನಡುಮನೆಯಲ್ಲಿ ಕಾಲು ಚಾಚಿ ಕೂತು, "ಅವ್ವ ಬೇಕು" ಎಂದು ಅಳಲು ಸುರುಮಾಡಿದಳು.

ಬೇಕು ಎನ್ನುವುದು ಎಲ್ಸಿಗೆ ತಿಳಿಯಿತು. ಏನು ಬೇಕು ಎನ್ನುವುದು ತಿಳಿಯಲಿಲ್ಲ. ಬಿಸ್ಕೀಟು ಕೊಟ್ಟಳು, ಬಾಳೆಹಣ್ಣು ಕೊಟ್ಟಳು, ಗೊಂಬೆ ಕೊಟ್ಟಳು, ಕೊನೆಗೆ ಸಾಹೇಬರ ಗಡಿಯಾರವನ್ನೇ ಕೊಟ್ಟಳು. ಎಲ್ಲವೂ "ಬ್ಯಾಡ" ಎನಿಸಿಕೊಂಡು ನೆಲಕ್ಕೆ ಬಿದ್ದವು. ಗಡಿಯಾರ ಎರಡು ಸಲ ಬಿತ್ತು. ಇದು ಶಿವವ್ವ ತಂದುಕೊಡುವ ಯಾವುದೋ ತಿನಿಸು ಇರಬೇಕೆಂದು ತೀರ್ಮಾನಿಸಿ, ಎಲ್ಸಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ನೆಲ್ಲಿಯನ್ನು ಎಳೆದುಕೊಂಡು ಪೇಟೆಗೆ ಹೊರಟಳು.

ನೇಮಣ್ಣನ ಕಿರಾಣಿ ಅಂಗಡಿ ಮುಂದೆ ನಿಂತು, "ಅವ್ವ ಬೇಕು. ಎಷ್ಟು?" ಎಂದು ಕೇಳಿದಳು.

ನೇಮಣ್ಣ ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾರಿಗೂ ಇಲ್ಲವೆಂದವನಲ್ಲ. ಪರದೇಶದ ನಾಲಿಗೆ ಅರ್ಧ ಶಬ್ದ ನುಂಗಿದೆಯೆಂದು ಬಗೆದು ಅವಲಕ್ಕಿ ತೋರಿಸಿದ. ನೆಲ್ಲಿ ಅದನ್ನು ರಸ್ತೆಯ ಕೋಳಿಗಳಿಗೆ ಚೆಲ್ಲಿದಳು. ಅವರೆಕಾಳು ತೋರಿಸಿದ. ಅದಕ್ಕೂ ಅದೇ ಗತಿಯಾಗಿ, ಹುಡುಗಿ ಗಿರಣಿಯ ಭೋಂಗಾದಂತೆ "ಅವ್ವಾ" ಎಂದು ಕೂಗಿದಾಗ ಅವನಿಗೆ ಅರ್ಥವಾಯಿತು.

"ಅವ್ವ ಪ್ಯಾಟ್ಯಾಗ ಸಿಗೂದಿಲ್ರಿ, ಬಾಯಾರ," ಎಂದ ಮೆಲ್ಲಗೆ. "ದೇವರು ಒಬ್ಬಾಕಿನ್ನ ಕೊಟ್ಟಿರತಾನ. ಅಕಿನ್ನ ಜ್ವಾಕಿ ಮಾಡಬೇಕು."

ಮಾಲು ತೀರಿದೆ ಎಂದುಕೊಂಡ ಎಲ್ಸಿ ಮುಂದಿನ ಅಂಗಡಿಗೆ ಹೋದಳು, ಅದರ ಮುಂದಿನದಕ್ಕೂ ಹೋದಳು. ಹಿಂದೆ ಜನ ಕೂಡಿತು. ನೇಮಣ್ಣನ ಹೆಂಡತಿ ಜಿನ್ನವ್ವ ನುಗ್ಗಿ ಬಂದು ನೆಲ್ಲಿಯ ಗದ್ದ ಹಿಡಿದು, ಎಲ್ಸಿಯ ಕಡೆ ಬೊಟ್ಟು ಮಾಡಿದಳು.

"ಇಲ್ಲೇ ಅದಾಳಲ್ಲ, ನಿಮ್ಮವ್ವ."

ನೆಲ್ಲಿ ಅಳು ನಿಲ್ಲಿಸಿ ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. "ಇಕಿ ಅಲ್ಲ," ಎಂದಳು.

ಈಕೆ ಮಲತಾಯಿಯೆಂದು ಜಿನ್ನವ್ವ ಅಲ್ಲೇ ಸಾರಿದಳು. ಸುದ್ದಿ ಬಳೆಗಾರರ ಸಾಲು ಮುಟ್ಟುವಷ್ಟರಲ್ಲಿ ಮಕ್ಕಳಿಗೆ ಅನ್ನ ಹಾಕದ ಮಲತಾಯಿಯೆಂದಾಗಿತ್ತು. ಟಾಂಗಾದ ಲಕ್ಕಪ್ಪ ಅದನ್ನು ಒಪ್ಪಲಿಲ್ಲ. ಪಾಪ, ಏಳು ಸಮುದ್ರದಾಚೆಯ ತವರು ನೆನಪಾಗಿ ಆಕೆ ತನ್ನವ್ವನನ್ನೇ ಕೇಳುತ್ತಿದ್ದಾಳೆಂದು ವಾದಿಸಿದ. ಪೇಟೆ ಎರಡು ಪಕ್ಷವಾಯಿತು. ಒಂದು ಪಕ್ಷ ಸಿಟ್ಟಿನಿಂದ, ಇನ್ನೊಂದು ಮರುಕದಿಂದ ತನ್ನನ್ನು ಏಕೆ ನೋಡುತ್ತಿದೆಯೆಂದು ಎಲ್ಸಿಗೆ ತಿಳಿಯಲಿಲ್ಲ. ನಾಲ್ಕು ವರ್ಷದಲ್ಲಿ ಇಷ್ಟು ಜನ ಅವಳ ಸುತ್ತ ಕೂಡಿದ್ದು ಇದೇ ಮೊದಲು, ಒಬ್ಬರೊಂದಿಗೂ ಮಾತಾಡುವಂತಿರಲಿಲ್ಲ. ಒಂದು ಗೋಣಿಚೀಲದ ಮೇಲೆ ಕುಸಿದು ಕೂತಳು. ಕಣ್ಣೀರು ಬಂತು.

ಆಗ ಬೇವಿನ ಮರದ ಕೆಳಗೆ ಗಂಟು ಇಟ್ಟುಕೊಂಡು ಕೂತಿದ್ದ ಪರವೂರ ಮುದುಕಿ ಕಾಶೆವ್ವ ಎದ್ದು ಬಂದಳು. ಸೆರಗಿನಿಂದ ಎಲ್ಸಿಯ ಮುಖ ಒರೆಸಿದಳು. ನೆಲ್ಲಿಯನ್ನು ಸೊಂಟಕ್ಕೆ ಏರಿಸಿದಳು.

"ನಡಿ ಮಗಳ, ಮನೀಗೆ ಹೋಗೂನು."

ಎಲ್ಸಿ ಕೂಸನ್ನು ಎತ್ತಿಕೊಂಡು ದಾರಿ ತೋರಿಸುತ್ತ ನಡೆದಳು.

ಬಂಗಲೆಯಲ್ಲಿ ಕಾಶೆವ್ವ ಗಂಟು ಬಿಚ್ಚಿದಳು. ಒಳಗೆ ಶೇಂಗಾ ಹೋಳಿಗೆ. ಒಂದು ತುತ್ತು ಬಾಯಿಗೆ ಬಿದ್ದದ್ದೇ ನೆಲ್ಲಿ ಸುಮ್ಮನಾದಳು. ಅವ್ವ ಎಂದರೆ ಈ ಹೋಳಿಗೆಯೆಂದು ಎಲ್ಸಿಗೆ ಗೊತ್ತಾಗಿ ಜೀವ ಹಗುರವಾಯಿತು. ಮುದುಕಿ ಅವಳಿಗೂ ತುತ್ತು ಮಾಡಿ ತಿನ್ನಿಸಿದಳು. ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ಒತ್ತಿದಳು. ಊರು ಬಿಟ್ಟ ಮೇಲೆ ಎಲ್ಸಿಯ ತಲೆಯನ್ನು ಯಾರೂ ಹಾಗೆ ಮುಟ್ಟಿರಲಿಲ್ಲ. ಅವಳು ತನ್ನ ಭಾಷೆಯಲ್ಲಿ ತನ್ನ ತಾಯಿಯ ವಿಷಯ ಹೇಳಿದಳು, ಮುದುಕಿ ತನ್ನ ಭಾಷೆಯಲ್ಲಿ ಮತ್ತೇನೋ ಹೇಳಿದಳು. ಇಬ್ಬರೂ ಸರಿಯಾದ ಜಾಗದಲ್ಲಿ ಹೂಂಗುಟ್ಟಿದರು.

ಸಂಜೆ ಸಾಹೇಬರು ಬಂದಾಗ ಎಲ್ಸಿ ತಟ್ಟೆ ಹಿಡಿದು, ನಿಮಗೆಂದು ಎರಡು ಅವ್ವ ಉಳಿಸಿದ್ದೇನೆ ಎಂದಳು. ಕನ್ನಡ ಬಲ್ಲ ಸಾಹೇಬರು ಹೊಟ್ಟೆ ಹಿಡಿದು ನಕ್ಕು ಅರ್ಥ ಹೇಳಿದರು. ಎಲ್ಸಿ ನಗಲಿಲ್ಲ. ಹಾಗಾದರೆ ನೆಲ್ಲಿ ಅತ್ತದ್ದು ಯಾರಿಗಾಗಿ?

ಅಷ್ಟರಲ್ಲಿ ಗೇಟು ತೆರೆಯಿತು. ಶಿವವ್ವ ಬಂದಳು. ನೆಲ್ಲಿ "ಅವ್ವ" ಎಂದು ಓಡಿ ಕಾಲು ತಬ್ಬಿದಳು. ಎಲ್ಸಿಗೆ ಉತ್ತರ ಸಿಕ್ಕಿತು. ಆದರೆ ಶಿವವ್ವ ಮಗುವನ್ನು ನೋಡಲೇ ಇಲ್ಲ. ಮೆಟ್ಟಿಲ ಮೇಲಿದ್ದ ಮುದುಕಿಯನ್ನೇ ನೋಡುತ್ತಿದ್ದಳು.

"ಯವ್ವಾ, ನೀ ಇಲ್ಲೇನ ಮಾಡಾಕತ್ತಿ? ನಿನ್ನ ಮಾರಿ ನೋಡಬೇಕನಿಸಿ ನಸಕನ್ಯಾಗ ಮೂಡಲಗಿಗೆ ಹೋಗಿದ್ನಿ. ಮನಿಗೆ ಕೀಲಿ ಇತ್ತು."

"ನಾ ನಿನ್ನ ಮಾರಿ ನೋಡಾಕ ಇಲ್ಲಿಗೆ ಬಂದ್ನಿ," ಎಂದಳು ಕಾಶೆವ್ವ. "ನಿನ್ನ ಮನಿಗೂ ಕೀಲಿ ಇತ್ತು."

ತಾಯಿ ಮಗಳು ಕೂತಿದ್ದ ಮೋಟಾರುಗಳು ಬೆಳಿಗ್ಗೆ ಹಾದಿಯಲ್ಲೆಲ್ಲೋ ಒಂದನ್ನೊಂದು ದಾಟಿದ್ದವು. ಮಗಳು ಸೊರಗಿರುವುದನ್ನೂ, ತನ್ನ ಗಂಟು ಬರಿದಾಗಿರುವುದನ್ನೂ ಮುದುಕಿ ನೋಡಿದಳು. ಊರಿಗೆ ಕರೆದೊಯ್ದು ಎಂಟು ದಿನ ಉಣ್ಣಿಸಿ ಕಳಿಸುತ್ತೇನೆಂದು ಸಾಹೇಬರಿಗೆ ಹೇಳಿದಳು. ಅದು ಕೇಳಿದ್ದಲ್ಲ, ತಿಳಿಸಿದ್ದು. ಎಲ್ಸಿಯ ತಲೆಯ ಮೇಲೊಮ್ಮೆ ಕೈಯಿಟ್ಟು, ಮಗಳ ಕೈ ಹಿಡಿದು ಹೊರಟೇಬಿಟ್ಟಳು.

ನೆಲ್ಲಿ ಜಗುಲಿಯ ಮೇಲೆ ಕಾಲು ಚಾಚಿ ಕೂತು, "ಅವ್ವ ಬೇಕು" ಎಂದು ಅಳತೊಡಗಿದಳು.

ಎಲ್ಸಿ ಗಂಡನನ್ನು ಒಂದು ಶಬ್ದ ಕೇಳಿಕೊಂಡಳು. ಬಂದು ಮಗಳ ಮುಂದೆ ನಿಂತು, ತಡವರಿಸುತ್ತ ಹೇಳಿದಳು:

"ನನಗೂ ಬೇಕು."

ನೆಲ್ಲಿ ಅಳು ನಿಲ್ಲಿಸಿ ಅವಳ ಮುಖ ನೋಡಿದಳು. ತುಸು ಸರಿದು ಬಾಜೂಕ್ಕೆ ಜಾಗ ಮಾಡಿಕೊಟ್ಟಳು. ಎಲ್ಸಿ ಕೂತಳು. ಆಮೇಲೆ ಇಬ್ಬರೂ ಕೂಡಿ ಅತ್ತರು.